ಶಾಖ ಎಂಬುದು ಒಂದು ಪದಾರ್ಥವೇ?

(ಉಪನ್ಯಾಸದ ಬರಹ ರೂಪ)



ದಿನಪತ್ರಿಕೆಯ ಹವಾಮಾನದ ಮೂಲೆಯಲ್ಲಿ ‘ಗರಿಷ್ಠ ಉಷ್ಣಾಂಶ 34 ಡಿಗ್ರಿ’ ಎಂದು ಓದುತ್ತೇವೆ. ಪಪ್ಪಾಯಿ ಹಣ್ಣು ಉಷ್ಣ ಎನ್ನುತ್ತೇವೆ. ಒಲೆಯ ಮುಂದೆ ಕುಳಿತವರು ಕಾವು ಎನ್ನುತ್ತಾರೆ, ಪಠ್ಯಪುಸ್ತಕ ತಾಪ ಎನ್ನುತ್ತದೆ. ಪಪ್ಪಾಯಿಯ ಮಾತನ್ನು ವೈದ್ಯರಿಗೆ ಬಿಡೋಣ. ಉಳಿದ ಮಾತುಗಳಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. ಅವನ್ನು ಬಿಡಿಸಿಕೊಳ್ಳಲು ಯುರೋಪಿನ ವಿಜ್ಞಾನಿಗಳೂ ಬಹುಕಾಲ ಹೆಣಗಿದರು.

ಸಾಣೆ ಹಿಡಿಯುವವನ ಚಕ್ರದಿಂದ ಹಾರುವ ಕಿಡಿಯ ತಾಪ ಸಾವಿರ ಡಿಗ್ರಿಯ ಆಸುಪಾಸು. ಅದು ಕೈಮೇಲೆ ಬಿದ್ದರೂ ಆತ ಬೆಚ್ಚುವುದಿಲ್ಲ. ಬಚ್ಚಲ ಹಂಡೆಯ ನೀರು ಎಪ್ಪತ್ತು ಡಿಗ್ರಿಯಷ್ಟೇ ಇರಬಹುದು. ಒಂದು ಚೊಂಬು ಮೈಮೇಲೆ ಬಿದ್ದರೆ ಗುಳ್ಳೆ ಏಳುತ್ತದೆ. ತಾಪ ಎಂದರೆ ಮಟ್ಟ. ಶಾಖ ಯಾವ ಕಡೆಗೆ ಹರಿದೀತೆಂದು ಅದು ತಿಳಿಸುತ್ತದೆ. ಶಾಖ ಎಂದರೆ ಹಾಗೆ ಹರಿದು ಬಂದ ಶಕ್ತಿಯ ಮೊತ್ತ. ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಕಂಡವನು 18ನೆಯ ಶತಮಾನದ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಮಂಜುಗಡ್ಡೆ ಪೂರ್ತಿ ಕರಗುವ ತನಕ, ಎಷ್ಟು ಶಾಖ ಕೊಟ್ಟರೂ ಥರ್ಮಾಮೀಟರಿನ ಪಾದರಸ ಸೊನ್ನೆ ಬಿಟ್ಟು ಕದಲುವುದಿಲ್ಲ. ಒಂದು ಗ್ರಾಂ ಕರಗಲು ಸುಮಾರು 80 ಕ್ಯಾಲರಿ ಬೇಕು.

ಹಾಗಾದರೆ ಹರಿಯುವುದು ಏನು? ಕಣ್ಣಿಗೆ ಕಾಣದ, ತೂಕವಿಲ್ಲದ ‘ಕೆಲೋರಿಕ್’ ಎಂಬ ದ್ರವ ಎಂದು ಅಂದಿನವರು ನಂಬಿದ್ದರು. ಫ್ರಾನ್ಸಿನ ಲವಾಸಿಯೇ 1789ರಲ್ಲಿ ಪ್ರಕಟಿಸಿದ ಮೂಲವಸ್ತುಗಳ ಪಟ್ಟಿಯಲ್ಲಿ ಅದೂ ಸೇರಿತ್ತು. ಇದನ್ನು ಅಲುಗಿಸಿದವನು ಅಮೆರಿಕದಲ್ಲಿ ಹುಟ್ಟಿ ಬವೇರಿಯದ ಸೇವೆಗೆ ಸೇರಿದ ಕೌಂಟ್ ರಮ್‌ಫರ್ಡ್. ಮ್ಯೂನಿಕ್ಕಿನ ಶಸ್ತ್ರಾಗಾರದಲ್ಲಿ ಫಿರಂಗಿಯ ಲೋಹವನ್ನು ನೀರಿನ ಪೆಟ್ಟಿಗೆಯೊಳಗಿಟ್ಟು, ಕುದುರೆಗಳಿಂದ ಯಂತ್ರ ತಿರುಗಿಸಿ, ಮೊಂಡಾದ ಉಳಿಯಿಂದ ಕೊರೆಯಿಸಿದ. ಎರಡೂವರೆ ಗಂಟೆಯಲ್ಲಿ ನೀರು ಕುದಿಯಿತು. ಬೆಂಕಿಯೇ ಇಲ್ಲದೆ ನೀರು ಕುದಿದದ್ದನ್ನು ಕಂಡು ನೆರೆದವರು ಬೆರಗಾದರೆಂದು 1798ರಲ್ಲಿ ಅವನೇ ಬರೆದ. ಕೊರೆದಷ್ಟು ಕಾಲವೂ ಶಾಖ ಬರುತ್ತಲೇ ಇತ್ತು; ಲೋಹದೊಳಗೆ ತುಂಬಿಟ್ಟ ದ್ರವವಾಗಿದ್ದರೆ ಎಂದಾದರೂ ಮುಗಿಯಬೇಕಿತ್ತಲ್ಲ! (ಮುಂದೆ ಈತ ಮದುವೆಯಾದದ್ದು ಲವಾಸಿಯೇಯ ವಿಧವೆಯನ್ನು, ಆ ಸಂಸಾರ ಬಹುಕಾಲ ನಿಲ್ಲಲಿಲ್ಲ.)

1840ರ ದಶಕದಲ್ಲಿ ಇಂಗ್ಲೆಂಡಿನ ಬಿಯರ್ ತಯಾರಕರ ಮನೆಯ ಹುಡುಗ ಜೂಲ್, ಬೀಳುವ ತೂಕಗಳಿಂದ ನೀರನ್ನು ಕಡೆದು ಲೆಕ್ಕ ಹಾಕಿದ. ಒಂದು ಕ್ಯಾಲರಿ ಎಂದರೆ ಸುಮಾರು 4.18 ಜೂಲ್ ಕೆಲಸ ಎಂಬುದು ಈಗಿನ ಲೆಕ್ಕ.

ಅಂಚೆಯವನು ತರುತ್ತಿದ್ದ ಮನಿಯಾರ್ಡರನ್ನು ನೆನೆಯಿರಿ. ಮಗ ಊರಿಗೆ ಹಣ ಕಳಿಸಿದ. ತಂದೆ ಕೂಲಿಯಿಂದಲೂ ಒಂದಿಷ್ಟು ಗಳಿಸಿದರು. ಎರಡೂ ಪೆಟ್ಟಿಗೆ ಸೇರಿದ ಮೇಲೆ ಯಾವ ನೋಟು ಮನಿಯಾರ್ಡರಿನದು, ಯಾವುದು ಕೂಲಿಯದು? ಹೇಳಲಾಗದು. ಶಾಖ, ಕೆಲಸ ಎಂಬ ಹೆಸರುಗಳು ದಾರಿಯಲ್ಲಿರುವ ಶಕ್ತಿಗೆ ಮಾತ್ರ. ಒಳಸೇರಿದ ಮೇಲೆ ಅದು ಬರೀ ಆಂತರಿಕ ಶಕ್ತಿ. ಆದ್ದರಿಂದ ‘ಹಂಡೆಯ ನೀರಿನಲ್ಲಿ ಶಾಖ ಇದೆ’ ಎಂಬ ಮಾತೇ ಸಲ್ಲದು. ಬಂದದ್ದಕ್ಕೂ ಹೋದದ್ದಕ್ಕೂ ಲೆಕ್ಕ ಸರಿಹೊಂದಬೇಕೆಂಬುದೇ ಮೊದಲನೆಯ ನಿಯಮ.

ಆದರೆ ಈ ವಿನಿಮಯ ಎರಡು ಕಡೆಗೂ ಸಮನಲ್ಲ. ಕೆಲಸವನ್ನೆಲ್ಲ ಶಾಖವಾಗಿಸಬಹುದು; ಶಾಖವನ್ನೆಲ್ಲ ಕೆಲಸವಾಗಿಸುತ್ತಲೇ ಇರುವ ಯಂತ್ರ ಸಾಧ್ಯವಿಲ್ಲ. ಇದರ ಸುಳಿವು 1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೋಗೆ ಸಿಕ್ಕಿತು: ಯಂತ್ರ ನಡೆಯಲು ಬಿಸಿಯೊಂದೇ ಸಾಲದು, ತಣ್ಣನೆಯ ತಾಣವೂ ಬೇಕು. ರಾಯಚೂರಿನ ಶಾಖೋತ್ಪನ್ನ ಕೇಂದ್ರ ಕೃಷ್ಣೆಯ ದಡದಲ್ಲಿರುವುದು ಸುಮ್ಮನಲ್ಲ. ಅಂಥ ಕೇಂದ್ರಗಳಲ್ಲಿ ಕಲ್ಲಿದ್ದಲಿನ ಶಾಖದ ಸುಮಾರು ಮೂರನೆಯ ಒಂದು ಪಾಲು ವಿದ್ಯುತ್ತಾದರೆ, ಉಳಿದದ್ದರ ಬಹುಪಾಲು ತಂಪು ನೀರಿನೊಡನೆ, ಹೊಗೆಯೊಡನೆ ಹೊರಗೆ ಹೋಗುತ್ತದೆ.

ಕಾರ್ನೋ 1832ರಲ್ಲಿ, ಮೂವತ್ತಾರರ ಹರೆಯದಲ್ಲಿ ಕಾಲರಾಕ್ಕೆ ಬಲಿಯಾದ. 1878ರಲ್ಲಿ ಅವನ ತಮ್ಮ ಪ್ರಕಟಿಸಿದ ಟಿಪ್ಪಣಿಗಳನ್ನು ನೋಡಿದರೆ, ಆತ ಕೆಲೋರಿಕ್ಕನ್ನು ಆಗಲೇ ಕೈಬಿಟ್ಟಿದ್ದ!

ಆ ಹೊತ್ತಿಗೆ ಜರ್ಮನಿಯ ಕ್ಲಾಸಿಯಸ್ ಈ ಏಕಮುಖ ಹರಿವಿಗೊಂದು ಅಳತೆ ಕಂಡುಹಿಡಿದು, 1865ರಲ್ಲಿ ‘ಎಂಟ್ರೊಪಿ’ ಎಂಬ ಹೆಸರಿಟ್ಟಾಗಿತ್ತು. ಕನ್ನಡದಲ್ಲಿ ಇದನ್ನು ‘ಅವ್ಯವಸ್ಥೆ’ ಎನ್ನುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಕ್ಲಾಸಿಯಸ್ ಮಾಡಿದ್ದು ಒಂದು ಭಾಗಾಕಾರ: ಶಾಖವನ್ನು ನಿರಪೇಕ್ಷ ತಾಪದಿಂದ ಭಾಗಿಸುವುದು. 600 ಕೆಲ್ವಿನ್ ತಾಪದ ದೊಡ್ಡ ಕುಲುಮೆಯಿಂದ 300 ಕೆಲ್ವಿನ್ ತಾಪದ ಕೆರೆಗೆ 600 ಜೂಲ್ ಶಾಖ ಹರಿಯಿತೆನ್ನಿ. ಕುಲುಮೆ ಕಳೆದುಕೊಂಡದ್ದು 1, ಕೆರೆ ಪಡೆದದ್ದು 2. ಶಕ್ತಿಯ ಲೆಕ್ಕ ಸರಿಹೋಯಿತು. ಎಂಟ್ರೊಪಿ ಮಾತ್ರ ಒಂದು ಹೆಚ್ಚಿತು.