ರಾತ್ರಿಯನ್ನು ಅಳೆಯುವ ಅವರೆ ಬಳ್ಳಿ

ಜುಲೈ ತಿಂಗಳಲ್ಲಿ ಕೆನಡಾದ ಬರ್ಲಿಂಗ್ಟನ್ನಿನ ಹಿತ್ತಲಲ್ಲಿ ಟೊಮೇಟೊ ಕೆಂಪಾಗತೊಡಗುತ್ತದೆ, ಬೆಂಡೆ ಹಳದಿ ಹೂವು ಬಿಡುತ್ತದೆ, ಹೀರೆ ಬಳ್ಳಿ ಬೇಲಿ ಹತ್ತುತ್ತದೆ. ಪಕ್ಕದಲ್ಲೇ ನಮ್ಮ ಊರಿನ ಹಳೇ ತಳಿಯ ಅವರೆ ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಬಳ್ಳಿ ಸೊಂಪಾಗಿ ಹಬ್ಬುತ್ತದೆ. ಅಂಗೈಯಗಲದ ಎಲೆಗಳು, ಒಂದೊಂದು ತೊಟ್ಟಿನಲ್ಲಿ ಮೂರು ಮೂರು. ನೋಡಿದವರೆಲ್ಲ ‘ಏನು ಚೆನ್ನಾಗಿ ಬಂದಿದೆ!’ ಅನ್ನುತ್ತಾರೆ. ಆದರೆ ಆಗಸ್ಟ್ ಕಳೆದರೂ ಹೂವಿಲ್ಲ, ಹೂವಿಲ್ಲದ ಮೇಲೆ ಕಾಯಿ ಎಲ್ಲಿಂದ?

ಮಕ್ಕಳೇ, ಗೊಬ್ಬರ ಸಾಲದೇ ಹೀಗಾಯಿತೇ? ಇಲ್ಲ. ನೀರು ಕಡಿಮೆಯಾಯಿತೇ? ಅದೂ ಅಲ್ಲ. ಸೆಕೆ ಸಾಲಲಿಲ್ಲವೇ? ಬರ್ಲಿಂಗ್ಟನ್ನಿನ ಜುಲೈನಲ್ಲಿ ಉಷ್ಣಾಂಶ 30 ಡಿಗ್ರಿ ದಾಟುವ ದಿನಗಳಿರುತ್ತವೆ. ಗಾಳಿಯಲ್ಲಿ ತೇವವೂ ಸೇರಿಕೊಂಡರೆ ಮೈ ಬೆವರಿ ಅಂಟಂಟಾಗುತ್ತದೆ. ಆಗ ಹವಾಮಾನ ವರದಿಯವರು ‘ಹ್ಯೂಮಿಡೆಕ್ಸ್ 40’, ಅಂದರೆ ತೇವ ಸೇರಿ 40 ಡಿಗ್ರಿಯಂತೆ ಅನಿಸುವ ಸೆಕೆ, ಅನ್ನುವುದನ್ನು ನೀವು ಕೇಳಿರಬಹುದು. ಸೆಕೆಗೇನೂ ಬರವಿಲ್ಲ.

ಹಾಗಾದರೆ ಕಾರಣ ಏನು? ಸುಳಿವು ಕರ್ನಾಟಕದ ಹೊಲದಲ್ಲಿದೆ. ಕೋಲಾರ, ಬೆಂಗಳೂರು ಕಡೆಯ ರೈತರು ಮಳೆಗಾಲದಲ್ಲಿ ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆ ಬಿತ್ತುತ್ತಾರೆ. ಕೆಲವರು ಮುಂಚೆ ಬಿತ್ತುತ್ತಾರೆ, ಕೆಲವರು ತಡವಾಗಿ. ಆದರೂ ಸೊಗಡಿನ ಅವರೆಕಾಯಿ ಮಾರುಕಟ್ಟೆ ತುಂಬುವುದು ಡಿಸೆಂಬರ್, ಜನವರಿಯಲ್ಲೇ. ಸಂಕ್ರಾಂತಿಯ ಹೊತ್ತಿಗೆ ಮನೆಮನೆಯಲ್ಲೂ ಹಿತಕಿದ ಬೇಳೆ ಸಾರು. ಬಿತ್ತಿದ ದಿನ ಬೇರೆಬೇರೆಯಾದರೂ ಹೂವು ಬಿಡುವ ಕಾಲ ಹೆಚ್ಚುಕಡಿಮೆ ಒಂದೇ. ಅಂದರೆ ಅವರೆ ತನ್ನ ವಯಸ್ಸನ್ನು ಮಾತ್ರ ನೋಡಿ ಹೂವು ಬಿಡುವುದಿಲ್ಲ, ಕ್ಯಾಲೆಂಡರನ್ನೂ ನೋಡುತ್ತದೆ!

ಗಿಡಕ್ಕೆ ಯಾವ ಕ್ಯಾಲೆಂಡರು? ಹಗಲು ರಾತ್ರಿಗಳ ಉದ್ದವೇ ಅದರ ಕ್ಯಾಲೆಂಡರು.

ಬೆಂಗಳೂರು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರದಲ್ಲಿದೆ, ಬರ್ಲಿಂಗ್ಟನ್ 43 ಡಿಗ್ರಿ ಉತ್ತರದಲ್ಲಿ. ಭೂಮಿ ಇಪ್ಪತ್ತಮೂರೂವರೆ ಡಿಗ್ರಿ ವಾಲಿಕೊಂಡು ಸೂರ್ಯನನ್ನು ಸುತ್ತುತ್ತದೆ. ಆದ್ದರಿಂದ ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಬೇಸಿಗೆಯ ಹಗಲು ಉದ್ದ, ಚಳಿಗಾಲದ ಹಗಲು ಗಿಡ್ಡ. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ, ಡಿಸೆಂಬರಿನ ಅತಿ ಗಿಡ್ಡ ಹಗಲೂ 11 ಗಂಟೆಗಿಂತ ಕೆಳಗಿಳಿಯುವುದಿಲ್ಲ. ಬರ್ಲಿಂಗ್ಟನ್ನಿನಲ್ಲೋ ಜೂನ್ 21ರ ಹಗಲು 15 ಗಂಟೆಗೂ ಹೆಚ್ಚು. ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ, ಪರದೆ ಎಳೆದು ನಿಮ್ಮನ್ನು ಮಲಗಿಸಬೇಕಾಗುತ್ತದೆ. ಡಿಸೆಂಬರಿನಲ್ಲಿ ಅದೇ ಊರಿನ ಹಗಲು ಸುಮಾರು 9 ಗಂಟೆಗೆ ಇಳಿಯುತ್ತದೆ.

ಗಿಡಗಳು ಇದನ್ನು ಗಮನಿಸುತ್ತವೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು. ಅವರ ಬಳಿ ಒಂದು ಹೊಗೆಸೊಪ್ಪಿನ ತಳಿ ಇತ್ತು. ಅದೂ ನಮ್ಮ ಅವರೆಯ ಹಾಗೇ: ಬೇಸಿಗೆಯಿಡೀ ಆಳೆತ್ತರ ಮೀರಿ ಬೆಳೆಯುತ್ತಿತ್ತು, ಹೂವು ಮಾತ್ರ ಇಲ್ಲ. ಅವರು ಗಿಡದ ಕುಂಡಗಳನ್ನು ಸಂಜೆ ಬೇಗನೆ ಕತ್ತಲೆ ಕೋಣೆಗೆ ಸಾಗಿಸಿ, ಬೆಳಿಗ್ಗೆ ತಡವಾಗಿ ಹೊರಗೆ ತಂದರು. ಬೇಸಿಗೆಯಲ್ಲೇ ಹೂವು ಬಂತು! ಈ ಸಂಶೋಧನೆಯನ್ನು ಅವರು 1920ರಲ್ಲಿ ಪ್ರಕಟಿಸಿದರು.

ಇನ್ನೂ ಸೋಜಿಗದ ಸಂಗತಿ 1938ರಲ್ಲಿ ತಿಳಿಯಿತು. ಹ್ಯಾಮ್ನರ್ ಮತ್ತು ಬಾನರ್ ಎಂಬ ವಿಜ್ಞಾನಿಗಳು ಇಂಥದೇ ಒಂದು ಕಳೆಗಿಡಕ್ಕೆ ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ತೋರಿಸಿದರು. ಅಷ್ಟಕ್ಕೇ ಗಿಡ ಹೂ ಬಿಡುವುದನ್ನು ನಿಲ್ಲಿಸಿತು. ಅಂದರೆ ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ರಾತ್ರಿಯನ್ನು. ಅದೂ ನಡುವೆ ಕಡಿಯದ, ಒಂದೇ ಸಮನೆ ಇರುವ ಕತ್ತಲೆಯನ್ನು.

ಎಲೆಗೆ ಕಣ್ಣಿಲ್ಲ, ಕತ್ತಲೆ ಹೇಗೆ ಗೊತ್ತಾಗುತ್ತದೆ? ಎಲೆಯೊಳಗೆ ಫೈಟೋಕ್ರೋಮ್ ಎಂಬ ವರ್ಣದ್ರವ್ಯವಿದೆ. ಬಿಸಿಲಿನ ಕೆಂಪು ಬೆಳಕು ಬಿದ್ದಾಗ ಅದು ಒಂದು ರೂಪಕ್ಕೆ ತಿರುಗುತ್ತದೆ, ಕತ್ತಲಾದ ಮೇಲೆ ನಿಧಾನವಾಗಿ ಹಳೆಯ ರೂಪಕ್ಕೆ ಮರಳುತ್ತದೆ. ಗಿಡದ ಒಳಗೊಂದು ಗಡಿಯಾರವೂ ಉಂಟು. ಇವೆರಡೂ ಸೇರಿ ‘ರಾತ್ರಿ ಸಾಕಷ್ಟು ಉದ್ದವಾಗಿದೆ’ ಎಂದು ಗೊತ್ತುಮಾಡಿದರೆ, ಎಲೆಯಲ್ಲಿ ಒಂದು ಪ್ರೋಟೀನು ತಯಾರಾಗಿ ಬಳ್ಳಿಯ ಕುಡಿಗೆ ಹರಿಯುತ್ತದೆ. ಆಗ ಎಲೆ ಚಿಗುರಬೇಕಾದ ಜಾಗದಲ್ಲಿ ಮೊಗ್ಗು ಮೂಡುತ್ತದೆ.

ಸೇವಂತಿಗೆಯೂ ಹೀಗೆ ರಾತ್ರಿ ಉದ್ದವಾದಾಗ ಹೂ ಬಿಡುವ ಗುಂಪಿಗೆ ಸೇರಿದ್ದು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಸಾಲುಸಾಲು ಬಲ್ಬು ಉರಿಯುವ ಸೇವಂತಿಗೆ ತೋಟಗಳಿವೆ. ಬಲ್ಬು ಕತ್ತಲೆಯನ್ನು ಕಡಿಯುತ್ತದೆ, ಗಿಡ ಹೂವನ್ನು ಮುಂದಕ್ಕೆ ಹಾಕಿ ಎತ್ತರ ಬೆಳೆಯುತ್ತದೆ. ಬೇಕಾದ ಸಮಯಕ್ಕೆ ರೈತರು ಬಲ್ಬು ಆರಿಸುತ್ತಾರೆ, ಹಬ್ಬಕ್ಕೆ ಸರಿಯಾಗಿ ಹೂವು ಸಿಗುತ್ತದೆ. ಇದಕ್ಕೆ ವಿರುದ್ಧದ ಗಿಡಗಳೂ ಇವೆ. ಮೂಲಂಗಿ ಹಗಲು ಉದ್ದವಾದಾಗಲೇ ಹೂದಂಟು ಎತ್ತುತ್ತದೆ. ಟೊಮೇಟೊಗೆ ಮಾತ್ರ ಈ ಲೆಕ್ಕದ ಹಂಗೇ ಇಲ್ಲ.

ಈಗ ಬರ್ಲಿಂಗ್ಟನ್ನಿನ ಅವರೆಗೆ ಮರಳೋಣ. ಸೆಪ್ಟೆಂಬರಿನಲ್ಲಿ ಅಲ್ಲಿ ಹಗಲು ದಿನಕ್ಕೆ ಸುಮಾರು 3 ನಿಮಿಷ ಕಡಿಮೆಯಾಗುತ್ತ ಹೋಗುತ್ತದೆ. 22–23ರ ಹೊತ್ತಿಗೆ ಹಗಲು ರಾತ್ರಿ ಸಮಸಮ. ಅವರೆ ಕೊನೆಗೂ ಮೊಗ್ಗು ಬಿಡುವ ಹೊತ್ತಿಗೆ ಅಕ್ಟೋಬರ್ ಬಾಗಿಲಲ್ಲಿರುತ್ತದೆ, ಹಿಂದೆಯೇ ಹಿಮ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲದ ಶಾಖವೆಲ್ಲ ಆಕಾಶಕ್ಕೆ ಹಾರಿಹೋಗುತ್ತದೆ. ಮುಂಜಾನೆ ನೋಡಿದರೆ ಎಲೆಯ ಅಂಚಿಗೆ ಸಕ್ಕರೆ ಉದುರಿಸಿದಂತೆ ಬಿಳಿ ಹರಳು. ಬಿಸಿಲೇರಿದಾಗ ಹರಳು ಕರಗುತ್ತದೆ, ಎಲೆ ಜೋತುಬಿದ್ದು ಕಡುಹಸಿರಾಗಿ, ಆಮೇಲೆ ಕಪ್ಪಾಗುತ್ತದೆ. ಎಲೆಯೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳು ಹಾಳಾದದ್ದರ ಗುರುತು ಅದು.

ಇಲ್ಲಿ ಊರಿನ ಪಕ್ಕದ ಒಂಟಾರಿಯೊ ಸರೋವರ ಸ್ವಲ್ಪ ಸಹಾಯ ಮಾಡುತ್ತದೆ. ಸರಾಸರಿ 86 ಮೀಟರ್ ಆಳದ ಆ ನೀರು ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ಬೇಸಿಗೆಯಲ್ಲಿ ಹೀರಿದ ಶಾಖವನ್ನು ಶರತ್ಕಾಲದಲ್ಲಿ ದಡಕ್ಕೆ ಕೊಡುತ್ತದೆ. ಹಾಗಾಗಿ ಲೇಕ್‌ಶೋರ್ ರಸ್ತೆಯ ಆಸುಪಾಸಿನ ಹಿತ್ತಲಿಗಿಂತ, ನೀರಿನಿಂದ ದೂರದ ಕಿಲ್‌ಬ್ರೈಡ್ ಕಡೆ ಹಿಮ ಮೊದಲು ಬೀಳುತ್ತದೆ. ವಸಂತದಲ್ಲಿ ಲೆಕ್ಕ ತಿರುಗಿಬಿಡುತ್ತದೆ. ಚಳಿಗಾಲದ ತಂಪು ಇನ್ನೂ ನೀರಲ್ಲಿ ಉಳಿದಿರುವುದರಿಂದ ಮೇ ತಿಂಗಳಲ್ಲೂ ದಡದಲ್ಲಿ ತಣ್ಣನೆ ಗಾಳಿ. ಮೇ 25ಕ್ಕೆ ಮುಂಚಿನ ಸೋಮವಾರ ಬರುವ ವಿಕ್ಟೋರಿಯಾ ಡೇ ಕಳೆಯಲಿ, ಆಮೇಲೆ ಸಸಿ ನೆಡೋಣ ಎಂದು ಅಲ್ಲಿಯವರು ಕಾಯುತ್ತಾರೆ.

ಹಾಗಿದ್ದರೆ ಅಲ್ಲಿ ಅವರೆ ತಿನ್ನುವ ಯೋಗವೇ ಇಲ್ಲವೇ? ಇದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಗಲಿನ ಉದ್ದದ ಹಂಗಿಲ್ಲದೆ ಹೂ ಬಿಡುವ ಗಿಡ್ಡ ತಳಿಗಳನ್ನು ಬೆಳೆಸಿದ್ದಾರೆ. ‘ಹೆಬ್ಬಾಳ ಅವರೆ’ ಎಂದು ಅವುಗಳ ಹೆಸರು. ಬೆಂಗಳೂರಿನಲ್ಲಿ ಈಗ ವರ್ಷದ ಬೇರೆ ತಿಂಗಳಲ್ಲೂ ಅವರೆಕಾಯಿ ಸಿಗುವುದಕ್ಕೆ ಇಂಥ ತಳಿಗಳೇ ಕಾರಣ. ಉದ್ದ ಹಗಲಿನ ಊರಿಗೆ ಬೇಕಾದದ್ದೂ ಇಂಥ ಅವರೆಯೇ.

ಹಳೇ ತಳಿಯೇ ನಿಮ್ಮ ಬಳಿ ಇದ್ದರೆ ಒಂದು ಪ್ರಯೋಗ ಮಾಡಿ. ಮೇ ತಿಂಗಳಲ್ಲಿ ಎರಡು ಕುಂಡಗಳಲ್ಲಿ ಒಂದೇ ದಿನ ಬೀಜ ಹಾಕಿ. ಜುಲೈ ನಡುವಿನಿಂದ ಒಂದು ಕುಂಡವನ್ನು ದಿನಾ ಸಂಜೆ 7ಕ್ಕೆ ಕತ್ತಲೆಯ ಗ್ಯಾರೇಜಿಗೆ ಸಾಗಿಸಿ, ಬೆಳಿಗ್ಗೆ 8ಕ್ಕೆ ಬಿಸಿಲಿಗೆ ತನ್ನಿ. ಭಾರವಿದ್ದರೆ ದೊಡ್ಡವರ ಕೈ ಜೊತೆಗಿರಲಿ. ಗ್ಯಾರೇಜಿನ ಬದಲು ಬಿಸಿಲಲ್ಲೇ ಕುಂಡಕ್ಕೆ ಪೆಟ್ಟಿಗೆ ಮುಚ್ಚಿದರೆ ಗಿಡ ಬೆಂದುಹೋಗುತ್ತದೆ, ಹಾಗೆ ಮಾಡಬೇಡಿ. ರಾತ್ರಿ ಗ್ಯಾರೇಜಿನ ದೀಪ ಹಾಕಕೂಡದು, ಒಂದು ದಿನವೂ ತಪ್ಪಿಸಕೂಡದು. ಇನ್ನೊಂದು ಕುಂಡ ಹಗಲೂ ರಾತ್ರಿ ಹೊರಗೇ ಇರಲಿ. ನೀರು, ಗೊಬ್ಬರ ಎರಡಕ್ಕೂ ಒಂದೇ ಸಮ. ಯಾವುದರಲ್ಲಿ ಮೊದಲ ಮೊಗ್ಗು ಬಂತು, ಯಾವ ತಾರೀಖು, ಆ ದಿನ ಸೂರ್ಯ ಎಷ್ಟಕ್ಕೆ ಹುಟ್ಟಿ ಎಷ್ಟಕ್ಕೆ ಮುಳುಗಿದ, ಎಲ್ಲ ಬರೆದಿಡಿ. ಒಣಗಿದ ಅವರೆ ಬೀಜವನ್ನು ಬೇಯಿಸದೆ ಬಾಯಿಗೆ ಹಾಕಬೇಡಿ, ಅದರಲ್ಲಿ ವಿಷದ ಅಂಶವಿರುತ್ತದೆ.

ಕರ್ನಾಟಕದಲ್ಲಿರುವ ಮಕ್ಕಳು ಇನ್ನೊಂದು ಕೆಲಸ ಮಾಡಬಹುದು. ಬೀದಿದೀಪದ ಕೆಳಗಿನ ಅವರೆ ಬಳ್ಳಿಯನ್ನೂ ಕತ್ತಲಲ್ಲಿರುವ ಬಳ್ಳಿಯನ್ನೂ ಹೋಲಿಸಿ, ಯಾವುದು ಮೊದಲು ಹೂವು ಬಿಟ್ಟಿತು ನೋಡಿ. ಎರಡೂ ಕಡೆಯವರು ನಿಮ್ಮ ಪಟ್ಟಿಗಳನ್ನು ಒಬ್ಬರಿಗೊಬ್ಬರು ಕಳಿಸಿ, ಪಕ್ಕಪಕ್ಕ ಇಟ್ಟು ಓದಿ.