ಹಡಪಸರದ ನೆಲ ಮತ್ತು ಒಬ್ಬ ಶಾಲಾ ಶಿಕ್ಷಕಿ

(ಶ್ರೀಮಠದ ಶಾಖೆಯಲ್ಲಿ ಆರಾಧನಾ ಮಹೋತ್ಸವದ ಅಂಗವಾಗಿ ಮಾಡಿದ ಭಾಷಣ)

ಶ್ರೀ ಹರಿವಾಯುಗುರುಭ್ಯೋ ನಮಃ.



ಸುಮಧ್ವವಿಜಯದಲ್ಲಿ ಬರುವ ಬಾಲ ವಾಸುದೇವನ ಅಕ್ಷರಾಭ್ಯಾಸದ ಪ್ರಸಂಗವನ್ನು ನಾವೆಲ್ಲರೂ ಕೇಳಿದ್ದೇವೆ. ನಿನ್ನೆ ಬರೆಸಿದ ಅಕ್ಷರಗಳನ್ನೇ ಇಂದೂ ಏಕೆ ಬರೆಸುವಿರಿ ಎಂದು ಮಗು ತಂದೆಯನ್ನು ಕೇಳಿತು. ತಂದೆ ಗದರಿಸಲಿಲ್ಲ, ಮಗುವಿಗೆ ದೃಷ್ಟಿ ತಾಗೀತೆಂದು ಏಕಾಂತದಲ್ಲಿ ಪಾಠ ಮುಂದುವರಿಸಿದರು. ಮಗುವಿನ ಪ್ರಶ್ನೆಗೆ ಹಿಗ್ಗುವ ಈ ಗುಣವನ್ನು ನಾನು ಮತ್ತೊಬ್ಬರಲ್ಲಿ ಕಂಡೆ. ಅವರ ಕೊನೆಯ ದಿನಗಳು ನಾವಿರುವ ಈ ಹಡಪಸರಕ್ಕೆ ಸೇರಿದವು. ಅವರು ಸಾವಿತ್ರಿಬಾಯಿ ಫುಲೆ.

1831ರ ಜನವರಿ 3ರಂದು ಸಾತಾರಾ ಜಿಲ್ಲೆಯ ನಾಯಗಾಂವದಲ್ಲಿ ಜನಿಸಿದ ಅವರಿಗೆ ಒಂಬತ್ತನೆಯ ವಯಸ್ಸಿನಲ್ಲಿ ಜೋತಿರಾವ್ ಫುಲೆಯವರೊಡನೆ ವಿವಾಹವಾಯಿತು. ಅಕ್ಷರ ಕಲಿಸಿದವರು ಪತಿಯೇ. ಅನಂತರ ಅಹಮದನಗರ ಮತ್ತು ಪುಣೆಯಲ್ಲಿ ಶಿಕ್ಷಕ ತರಬೇತಿ. 1848ರಲ್ಲಿ ಬುಧವಾರ ಪೇಟೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು.

ಶಾಲೆಗೆ ನಡೆದುಹೋಗುವಾಗ ಜನ ಕೆಸರು, ಸಗಣಿ ಎರಚುತ್ತಿದ್ದರು. ಆದ್ದರಿಂದ ಅವರ ಚೀಲದಲ್ಲಿ ಇನ್ನೊಂದು ಸೀರೆ ಸದಾ ಇರುತ್ತಿತ್ತು. ಎರಚಿದವರಲ್ಲಿ ನಮ್ಮಂತಹ ಮನೆತನಗಳವರೂ ಇದ್ದರೆಂಬುದನ್ನು ಈ ಸಭೆಯಲ್ಲಿ ಮುಚ್ಚಿಡಲಾರೆ. ಶಾಲೆಗೆ ವಾಡೆಯನ್ನು ಬಿಟ್ಟುಕೊಟ್ಟ ತಾತ್ಯಾಸಾಹೇಬ ಭಿಡೆಯವರೂ ಬ್ರಾಹ್ಮಣರೇ. ಆದರೆ ಎರಡನೆಯ ಮಾತಿನಿಂದ ಮೊದಲನೆಯದು ತೊಳೆದುಹೋಗುವುದಿಲ್ಲ.

ಅವರ ಬೋಧನೆ ಎಂತಹುದಿತ್ತು? ಫುಲೆ ದಂಪತಿಗಳ ಶಾಲೆಯಲ್ಲಿ ಕಲಿತ ಮಾಂಗ ಸಮಾಜದ ಬಾಲಕಿ ಮುಕ್ತಾ ಸಾಳ್ವೆ ಬರೆದ ನಿಬಂಧವೊಂದು 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಪ್ರಕಟವಾಯಿತು. ವೇದಗಳು ಬ್ರಾಹ್ಮಣರಿಗೆ ಮಾತ್ರವೆಂದಾದರೆ ನಮ್ಮ ಧರ್ಮ ಯಾವುದು ಎಂದು ಆ ಹುಡುಗಿ ಅದರಲ್ಲಿ ಕೇಳಿದಳು. ಓದಿದಾಗ ನನಗೆ ಕಸಿವಿಸಿಯಾಯಿತು, ಉತ್ತರವೂ ತೋಚಲಿಲ್ಲ. ಆದರೆ ಕೆಲವೇ ವರ್ಷಗಳ ಅಕ್ಷರಾಭ್ಯಾಸದಲ್ಲಿ ಶಿಷ್ಯೆ ಇಷ್ಟು ದೂರ ಬಂದಳಲ್ಲ! ಪಾಟಿಯ ಮೇಲೆ ತಿದ್ದಿಸಿದ ಮಾತ್ರದಿಂದ ಇದು ಆಗುವುದಲ್ಲ. ನಮ್ಮ ಬಾಲಪಾಠದಲ್ಲಿ ಮಕ್ಕಳು ಸ್ತೋತ್ರಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಅರ್ಥವೇನೆಂದು ಕೇಳಿದ ಮಗುವನ್ನು ಮಾತ್ರ ಸುಮ್ಮನೆ ಕೂರಿಸುತ್ತೇವೆ. ನಾನೂ ಕೂರಿಸಿದ್ದೇನೆ.

ಇನ್ನು ಹಡಪಸರದ ಸಂಗತಿ. 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿತು. ಸಾವಿತ್ರಿಬಾಯಿಯವರು ವೈದ್ಯನಾಗಿದ್ದ ಮಗ ಯಶವಂತನನ್ನು ಕರೆಸಿ, ಇಲ್ಲಿಯ ಸಾಸಣೆಯವರ ಹೊಲದಲ್ಲಿ ಚಿಕಿತ್ಸಾಲಯ ತೆರೆದರು. ಯಶವಂತ ಹೆತ್ತ ಮಗನಲ್ಲ. ಬ್ರಾಹ್ಮಣ ವಿಧವೆಯೊಬ್ಬಳ ಮಗು, ದತ್ತುಪುತ್ರ. ಪಕ್ಕದ ಮುಂಢವಾದಲ್ಲಿ ದಲಿತ ಬಾಲಕನೊಬ್ಬನಿಗೆ ರೋಗ ತಗುಲಿದೆಯೆಂದು ತಿಳಿದು, ಅವನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ರೋಗ ಅವರಿಗೂ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು.

ನೌಕರಿಯಲ್ಲಿದ್ದಾಗ ಹಳಿ ಪರಿಶೀಲನೆಗೆಂದು ಮುಂಢವಾದ ಬದಿಯಿಂದ ಟ್ರಾಲಿಯಲ್ಲಿ ಎಷ್ಟೋ ಸಲ ಹಾದುಹೋಗಿದ್ದೇನೆ. ಆಗ ಇದಾವುದೂ ತಿಳಿದಿರಲಿಲ್ಲ. ಹೋದ ತಿಂಗಳು ಅಲ್ಲಿಂದ ಇಲ್ಲಿಯವರೆಗೆ ಬರಿಗೈಯಲ್ಲಿ ನಡೆದುನೋಡಿದೆ. ದಾರಿಯಲ್ಲಿ ಎರಡು ಕಡೆ ಕುಳಿತುಕೊಳ್ಳಬೇಕಾಯಿತು. ಬಾಲಕನನ್ನು ಹೊತ್ತು ನಡೆದಾಗ ಅವರಿಗೆ ಅರವತ್ತಾರು ವರ್ಷ.

ಶ್ರೀಕೃಷ್ಣಾರ್ಪಣಮಸ್ತು.