ಗರ್ಭಕೋಶದ ಗಡ್ಡೆ: ಸರಿಯಾದ ತಿಳಿವಳಿಕೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ



ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದ ಲೈನ್ ಮನೆಗಳ ಎಷ್ಟೋ ಮಹಿಳೆಯರು, ಕೂಲಿ ತಪ್ಪೀತೆಂಬ ಅಂಜಿಕೆಯಿಂದ, ಅತಿಯಾದ ಮುಟ್ಟಿನ ಸ್ರಾವವನ್ನು ಸಹಿಸಿಕೊಂಡೇ ದುಡಿಯುತ್ತಾರೆ. ಇಂತಹ ಸ್ರಾವದ ಸಾಮಾನ್ಯ ಕಾರಣಗಳಲ್ಲೊಂದು ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಫೈಬ್ರಾಯ್ಡ್ ಗಡ್ಡೆ. ಇದು ಕ್ಯಾನ್ಸರ್ ಅಲ್ಲ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳ ಪ್ರಭಾವದಿಂದ ಬೆಳೆದು, ಮುಟ್ಟು ನಿಂತ ಬಳಿಕ ಸಾಮಾನ್ಯವಾಗಿ ಕುಗ್ಗುತ್ತದೆ.

ಆರೋಗ್ಯವಂತ ಗರ್ಭಕೋಶದೊಳಗೆ ಸೂಕ್ಷ್ಮಾಣುಗಳೇ ಇರುವುದಿಲ್ಲವೆಂದು ಬಹುಕಾಲ ನಂಬಲಾಗಿತ್ತು. 2017ರಲ್ಲಿ ಚೀನಾದ ಸಂಶೋಧಕರು ಅಲ್ಲಿಯೂ ಅವುಗಳ ಕುರುಹುಗಳಿವೆಯೆಂದು ವರದಿ ಮಾಡಿದರು. ಗಡ್ಡೆಯಿರುವವರಲ್ಲಿ ಸೂಕ್ಷ್ಮಾಣುಗಳ ಸಮತೋಲನ ಭಿನ್ನವಾಗಿರಬಹುದೆಂದು ಸೂಚಿಸುವ ಅಧ್ಯಯನಗಳೂ ಬಂದಿವೆ. ಆದರೆ ಮಳೆಗಾಲದಲ್ಲಿ ಸೋರುವ ಗೋಡೆಯ ಮೇಲೆ ಪಾಚಿ ಕಂಡ ಮಾತ್ರಕ್ಕೆ ಸೋರಿಕೆಗೆ ಪಾಚಿಯೇ ಕಾರಣವೆನ್ನಲಾಗದು. ಸೂಕ್ಷ್ಮಾಣುಗಳಿಂದಲೇ ಗಡ್ಡೆ ಉಂಟಾಗುತ್ತದೆಂಬುದು ಸಾಬೀತಾಗಿಲ್ಲ. ಬಿಳಿ ಸ್ರಾವದ ಸೋಂಕಿಗೆ ಬೇರೆ ಚಿಕಿತ್ಸೆಯುಂಟು, ಗಡ್ಡೆಗೆ ಬೇರೆ ಚಿಕಿತ್ಸೆಯುಂಟು.

ಸೋಂಕು, ಗಡ್ಡೆ, ಕ್ಯಾನ್ಸರ್ ಮೂರನ್ನೂ ಒಂದೇ ಎಂದು ಹೆದರಿಸಿದರೆ ಆಗುವ ಅನಾಹುತಕ್ಕೆ ನಮ್ಮ ರಾಜ್ಯವೇ ಸಾಕ್ಷಿ. ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವು, ಬಿಳಿ ಸ್ರಾವವೆಂದು ಆಸ್ಪತ್ರೆಗೆ ಹೋದ ಅನೇಕ ಲಂಬಾಣಿ ಹಾಗೂ ದಲಿತ ಮಹಿಳೆಯರ ಗರ್ಭಕೋಶವನ್ನೇ ತೆಗೆಯಲಾಗಿದ್ದ ಸಂಗತಿ 2015ರಲ್ಲಿ ರಾಜ್ಯದ ಗಮನ ಸೆಳೆಯಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಅನುಷ್ಠಾನಗೊಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು. ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿಯೂ ಆ ಮಾರ್ಗಸೂಚಿಗಳ ಭಾಗವಾಗಿದೆ.

ಕೆಲವರಿಗೆ ಗರ್ಭಕೋಶ ತೆಗೆಯುವುದು ಅನಿವಾರ್ಯವಾಗಬಹುದು. ಆದರೆ ಅದು ಮೊದಲ ಹೆಜ್ಜೆಯಾಗಬಾರದು. ಸ್ರಾವ ತಗ್ಗಿಸುವ ಮಾತ್ರೆ, ಹಾರ್ಮೋನುಯುಕ್ತ ವಂಕಿ, ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಮುಂತಾದ ದಾರಿಗಳಿವೆ. ಗಡ್ಡೆ ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ಚಿಕಿತ್ಸೆಯೇ ಬೇಕಾಗದಿರಬಹುದು.

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು:

1. ಮಹಿಳಾ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಸಂಕೋಚವಿಲ್ಲದೆ ಚರ್ಚೆಗೆ ತರುವುದು.

2. ಆಶಾ ಕಾರ್ಯಕರ್ತೆಯರ ಮೂಲಕ ಅತಿ ಸ್ರಾವವುಳ್ಳವರನ್ನು ಗುರುತಿಸಿ, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು. ಗರ್ಭಿಣಿಯಲ್ಲದ ಮಹಿಳೆಯಲ್ಲಿ ಅದು 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ.

3. ಗರ್ಭಕೋಶ ತೆಗೆಸಲು ಸಲಹೆ ಪಡೆದವರು, ತುರ್ತು ಸ್ಥಿತಿಯಿಲ್ಲದಿದ್ದರೆ, ಸ್ಕ್ಯಾನಿಂಗ್ ವರದಿಯೊಡನೆ ಮಡಿಕೇರಿಯ ಬೋಧಕ ಆಸ್ಪತ್ರೆಯಲ್ಲಿ ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯುವಂತೆ ನೆರವಾಗುವುದು.

4. ಮಹಿಳೆಯರ ಹೆಸರು, ಕಾಯಿಲೆಯ ವಿವರ ಸಭೆಯಲ್ಲಿ ಬಹಿರಂಗವಾಗದಂತೆ ನೋಡಿಕೊಳ್ಳುವುದು.

ರಸ್ತೆ, ಚರಂಡಿಗಳ ಕಾಮಗಾರಿಗೆ ನೀಡುವಷ್ಟೇ ಗಮನವನ್ನು ಈ ಕೆಲಸಕ್ಕೂ ನೀಡಬೇಕೆಂದು ಕೋರಿ ನನ್ನ ಮಾತುಗಳನ್ನು ಮುಗಿಸುತ್ತೇನೆ.